2021ರ ಲಾಕ್‌ಡೌನ್ ಪರಿಹಾರ: ಕರಾವಳಿ ಹಳ್ಳಿಯಲ್ಲಿ ಯಾರಿಗೆ ಎಷ್ಟು, ಅರ್ಜಿ ಎಲ್ಲಿ, ದುಡ್ಡು ಯಾಕೆ ಬರುತ್ತಿಲ್ಲ?

ಕೇಣಿ_ಕೇರಿ · 9 ಜೂನ್ 2021

ಮೇ 19ಕ್ಕೆ 1,250 ಕೋಟಿ, ಜೂನ್ 3ಕ್ಕೆ ಮತ್ತೆ 500 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ರಾಜ್ಯ ಸರ್ಕಾರದಿಂದ ಘೋಷಣೆ ಆಗಿದೆ. ಪೇಪರಿನಲ್ಲಿ ಬಂದ ಪಟ್ಟಿಯನ್ನು ಅಂಕೋಲಾ ಕಡೆಯ ಒಂದು ಮೀನುಗಾರರ ಕೇರಿಗೆ ಹೊಂದಿಸಲು ಹೋದರೆ ಗೊಂದಲವೇ ಜಾಸ್ತಿ. ಇಲ್ಲಿ ಬೋಟಿಗೆ ಹೋಗುವ ಕಲಾಸಿಗಳಿದ್ದಾರೆ, ಬುಟ್ಟಿ ಹೊತ್ತು ಪೇಟೆಯಲ್ಲಿ ಮೀನು ಮಾರುವ ಹೆಂಗಸರಿದ್ದಾರೆ, ಆಟೋದವರು, ಟೈಲರ್‌ಗಳು, ಗಾರೆ ಕೆಲಸದವರು, ಹತ್ತಿಪ್ಪತ್ತು ಗುಂಟೆಯಲ್ಲಿ ತರಕಾರಿ ಮಾಡುವವರೂ ಇದ್ದಾರೆ. ತಿಳಿದವರು ಹೇಳಿ:

ಮೀನುಗಾರರಿಗೆ 3,000 ಎಂದಿದ್ದಾರಲ್ಲ, ಅದು ಕಲಾಸಿಗಳಿಗೂ ಸಿಗುತ್ತದೆಯೋ, ಬೋಟಿನ ಯಜಮಾನರಿಗೆ ಮಾತ್ರವೋ? ಮೀನು ಮಾರುವ ಹೆಂಗಸರು "ಬೀದಿಬದಿ ವ್ಯಾಪಾರಿ" ಲೆಕ್ಕಕ್ಕೆ ಬರುತ್ತಾರೆಯೇ? ಕಳೆದ ವರ್ಷ ಜನಧನ್‌ನ 500 ರೂ. ಮೂರು ತಿಂಗಳಲ್ಲಿ ಒಮ್ಮೆಯೂ ಬಾರದವರು ಇದ್ದಾರೆ. ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಆಗಿದೆ" ಎನ್ನುತ್ತಾರೆ. ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು? ಮೀನುಗಾರಿಕೆ ಬಂದ್ ಇರುವ ಈ ಎರಡು ತಿಂಗಳು ಉದ್ಯೋಗ ಖಾತ್ರಿ ಕೆಲಸ ಕೇಳಬಹುದೇ? ಸಂಘದ ಸಾಲದ ಕಂತಿಗೆ ಏನಾದರೂ ದಾರಿ ಇದೆಯೇ?

ಪಾಸ್‌ಬುಕ್_ಕಾರವಾರ · 9 ಜೂನ್ 2021

ಖಾತೆಯ ವಿಷಯ ಮೊದಲು ಹೇಳುತ್ತೇನೆ. ಅದು ಸರಿ ಇಲ್ಲದಿದ್ದರೆ ಉಳಿದ ಅರ್ಜಿಗಳೆಲ್ಲ ದಂಡ.

"ಆಧಾರ್ ಲಿಂಕ್" ಎಂಬ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ನಿಮ್ಮ ಖಾತೆಯ ದಾಖಲೆಯಲ್ಲಿ ಬ್ಯಾಂಕು ಆಧಾರ್ ಸಂಖ್ಯೆ ಬರೆದುಕೊಳ್ಳುವುದು. ಅದು ಕೆವೈಸಿ (ಗ್ರಾಹಕರ ಗುರುತಿನ ದಾಖಲೆ), ಅಷ್ಟೇ. ಇನ್ನೊಂದು, ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ನ ದುಡ್ಡು ಯಾವ ಬ್ಯಾಂಕಿಗೆ ಎಂದು ಹೇಳುವ ಪಟ್ಟಿ) ನಿಮ್ಮ ಆಧಾರ್ ಎದುರು ಆ ಬ್ಯಾಂಕಿನ ಹೆಸರು ಕೂರುವುದು. ಸರ್ಕಾರ ಆಧಾರ್ ಮೂಲಕ ಹಾಕುವ ದುಡ್ಡು ನೋಡುವುದು ಈ ಎರಡನೆಯದನ್ನು ಮಾತ್ರ. ಮ್ಯಾಪರ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಅದೂ ಕೊನೆಗೆ ಜೋಡಿಸಿದ ಬ್ಯಾಂಕು. ಹೊಸ ಸಿಮ್ಮಿನ ಜತೆಗೋ, ಪೋಸ್ಟ್‌ಮ್ಯಾನ್ ಮನೆಗೆ ಬಂದಾಗಲೋ ಬೆರಳೊತ್ತಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರೆ, ಆಗ ಕೊಟ್ಟ ಒಪ್ಪಿಗೆಯಲ್ಲೇ ಮ್ಯಾಪಿಂಗ್ ಅಲ್ಲಿಗೆ ಹಾರಿರುತ್ತದೆ. "ಬಂದೇ ಇಲ್ಲ" ಎನ್ನುವ ದುಡ್ಡು ಎಷ್ಟೋ ಸಲ ಆ ಮರೆತ ಖಾತೆಯಲ್ಲಿ ಕೂತಿರುತ್ತದೆ.

ನೋಡುವುದು ಹೀಗೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ಸ್ಥಿತಿ ನೋಡುವ ಪುಟವಿದೆ. ಆಧಾರ್ ಸಂಖ್ಯೆ ಹಾಕಿದರೆ ಮೊಬೈಲಿಗೆ ಒಟಿಪಿ ಬರುತ್ತದೆ, ಆಮೇಲೆ ಬ್ಯಾಂಕಿನ ಹೆಸರು, ಜೋಡಿಸಿದ ದಿನಾಂಕ, ಸಕ್ರಿಯವೋ ಅಲ್ಲವೋ ಎಲ್ಲ ತೋರಿಸುತ್ತದೆ. ಖಾತೆ ಸಂಖ್ಯೆ ಮಾತ್ರ ತೋರಿಸುವುದಿಲ್ಲ. ಡಿಬಿಟಿ ಎಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬರುವುದು. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ದುಡ್ಡು ಯಾವ ದಿನ ಯಾವ ಖಾತೆಗೆ ಹೋಯಿತು ಎಂಬುದೂ ಸಿಗುತ್ತದೆ. ಎರಡಕ್ಕೂ ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರಬೇಕು. ಆಗಿರದಿದ್ದರೆ ಆಧಾರ್ ಸೌಲಭ್ಯ ಇರುವ ಅಂಚೆ ಕಚೇರಿಯಲ್ಲಿ ಶುಲ್ಕ ಕೊಟ್ಟು ಮೊದಲು ಅದನ್ನು ಮಾಡಿಸಿ.

ದುಡ್ಡು ಬೇರೆ ಬ್ಯಾಂಕಿಗೆ ಹೋಗುತ್ತಿದೆ ಎಂದು ಗೊತ್ತಾದರೆ, ಬೇಕಾದ ಬ್ಯಾಂಕಿನ ಶಾಖೆಗೇ ಹೋಗಿ. "ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಮಾಡಿ" ಎಂದು ಒಪ್ಪಿಗೆ ಪತ್ರ ಬರೆದು ಸಹಿ ಹಾಕಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬರೀ "ಲಿಂಕ್ ಮಾಡಿ" ಎಂದರೆ ಕೌಂಟರಿನವರು ಕೆವೈಸಿ ನೋಡಿ "ಆಗಿದೆಯಲ್ಲ" ಎಂದು ವಾಪಸ್ ಕಳಿಸುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಸ್ಥಿತಿ ನೋಡಿ.

ಕರಾವಳಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಇಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಖಾತೆಗಳೇ ಹೆಚ್ಚು. ಸಿಂಡಿಕೇಟ್ ಈಗ ಕೆನರಾ, ಕಾರ್ಪೊರೇಷನ್ ಈಗ ಯೂನಿಯನ್, ವಿಜಯಾ ಈಗ ಬ್ಯಾಂಕ್ ಆಫ್ ಬರೋಡಾ. ಆಧಾರ್ ಮೂಲಕ ಬರುವ ದುಡ್ಡಿಗೆ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಬೇಕಿಲ್ಲ. ಖಾತೆ ಸಂಖ್ಯೆ ನೋಡಿ ಹಾಕುವ ದುಡ್ಡಿಗೆ ಬೇಕೇ ಬೇಕು. ಸಿಂಡಿಕೇಟ್‌ನ ಹಳೆ ಐಎಫ್‌ಎಸ್‌ಸಿ ಇದೇ ಜೂನ್ 30ರವರೆಗೆ ಮಾತ್ರ ನಡೆಯುತ್ತದೆ. ಜುಲೈ 1ರಿಂದ ಪಾವತಿ ತಿರಸ್ಕೃತವಾಗುತ್ತದೆ. ಖಾತೆ ಸಂಖ್ಯೆ ಅದೇ ಇರುತ್ತದೆ, ಕೋಡ್ ಮಾತ್ರ ಬೇರೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸನ್ನು ಪಂಚಾಯತಿಗೆ ಮತ್ತು ಕಾರ್ಮಿಕ ಕಾರ್ಡ್ ಇದ್ದವರು ಕಾರ್ಮಿಕ ಇಲಾಖೆಗೆ ಈಗಲೇ ಕೊಡಿ.

ಸೊಸೈಟಿ ಖಾತೆ ಕೊಡಬೇಡಿ. ಪ್ರಾಥಮಿಕ ಸಹಕಾರಿ ಸಂಘಗಳ ಉಳಿತಾಯ ಖಾತೆಗೆ ಆಧಾರ್ ದುಡ್ಡು ಬರುವುದಿಲ್ಲ.

ಬೈತಖೋಲ್_ಬಂದರು · 9 ಜೂನ್ 2021

ಮೀನುಗಾರರ 3,000ದ ಬಗ್ಗೆ. ಘೋಷಣೆಯಲ್ಲೇ ಸಂಖ್ಯೆ ಇದೆ: 18,746 ಮೀನುಗಾರರು, ಜತೆಗೆ 7,668 ಒಳನಾಡು ದೋಣಿ ಮಾಲೀಕರು. ಇದು ಇಡೀ ರಾಜ್ಯದ ಲೆಕ್ಕ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರ ನಂಬಿದವರು ಎಷ್ಟು ಜನ ಎಂದು ಬಂದರಿನಲ್ಲಿ ಒಂದು ಸುತ್ತು ಹಾಕಿದವರಿಗೆ ಗೊತ್ತು. ಅಂದರೆ ಇದು "ಮೀನುಗಾರರೆಲ್ಲರಿಗೂ" ಅಲ್ಲ. ಇಲಾಖೆಯ ಕೈಯಲ್ಲಿ ಈಗಾಗಲೇ ಇರುವ ಹೆಸರುಗಳಿಗೆ ಮಾತ್ರ. ಕಲಾಸಿ, ಯಜಮಾನ ಎಂಬ ಭೇದಕ್ಕಿಂತ ದಾಖಲೆಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯ. ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಹೆಸರು ನೋಡಿ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಮೀನುಗಾರರ ಗುರುತಿನ ಚೀಟಿ, ಮೀನುಗಾರರ ಸಹಕಾರಿ ಸಂಘದ ಸದಸ್ಯತ್ವದ ರಸೀದಿ ಕೈಯಲ್ಲಿರಲಿ.

ಪಾಲಿನ ಲೆಕ್ಕದಲ್ಲಿ ದುಡಿಯುವ ಕಲಾಸಿಗೆ ಸಂಬಳದ ಚೀಟಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ಸಂಘದ ಸದಸ್ಯತ್ವವೇ ಅವನ ಪಾಲಿಗೆ ಇರುವ ಒಂದೇ ಕಾಗದ. ಅದಿಲ್ಲದವರು ಈ ಸಲ ತಪ್ಪಿಸಿಕೊಂಡರೂ ಸದಸ್ಯತ್ವ ಮಾಡಿಸಿಡಿ. ಕಾರಣ, ಇದಕ್ಕಿಂತ ದೊಡ್ಡದೊಂದು ಇದೆ: ಉಳಿತಾಯ ಮತ್ತು ಪರಿಹಾರ ಯೋಜನೆ. ಈಗ ಅದು ಕೇಂದ್ರದ ಮತ್ಸ್ಯ ಸಂಪದ ಯೋಜನೆಯೊಳಗೆ ಸೇರಿದೆ. ಮೀನುಗಾರ 1,500 ಕಟ್ಟಿದರೆ ಕೇಂದ್ರ 1,500, ರಾಜ್ಯ 1,500 ಸೇರಿಸಿ ಒಟ್ಟು 4,500 ರೂಪಾಯಿಯನ್ನು ಮೀನುಗಾರಿಕೆ ಇಲ್ಲದ ತಿಂಗಳುಗಳಲ್ಲಿ 1,500ರಂತೆ ಮೂರು ಕಂತಾಗಿ ಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇರಬೇಕು, ವಯಸ್ಸು 18ರಿಂದ 60. ಕಟ್ಟುವುದನ್ನು ಸೀಸನ್ನಿನಲ್ಲೇ ಕಟ್ಟಬೇಕು. ಜೂನ್‌ನಲ್ಲಿ ಹೋಗಿ ಈ ವರ್ಷದ್ದು ಕೊಡಿ ಎಂದರೆ ಆಗದು.

ಕಳೆದ ವರ್ಷ ಲಾಕ್‌ಡೌನ್ ನಷ್ಟ ನೋಡಿ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ಜೂನ್ 15ರಿಂದ ಜುಲೈ 31ರವರೆಗೆ, 47 ದಿನಕ್ಕೆ ಇಳಿಸಿದ್ದರು. ಈ ವರ್ಷ ಮತ್ತೆ ಪೂರ್ತಿ 61 ದಿನ. ಮೇ ತಿಂಗಳ ಮೀನುಗಾರಿಕೆಯನ್ನು ಲಾಕ್‌ಡೌನ್ ಅರ್ಧ ತಿಂದಿತು, ತೌಕ್ತೆ ಚಂಡಮಾರುತ ಉಳಿದರ್ಧ. 3,000ವನ್ನು ಆ ನಷ್ಟದ ಪಕ್ಕ ಇಟ್ಟು ನೋಡಿದರೆ ಬಲೆಯ ದುರಸ್ತಿಗೂ ಸಾಲದು. ಚಂಡಮಾರುತದ್ದು ಬೇರೆಯೇ ಲೆಕ್ಕ ಎಂಬುದು ನೆನಪಿರಲಿ. ವಿಪತ್ತು ಪರಿಹಾರ ನಿಧಿಯ ದರದಲ್ಲಿ ದೋಣಿ ಭಾಗಶಃ ಹಾಳಾದರೆ 4,100, ಪೂರ್ತಿ ಹೋದರೆ 9,600, ಬಲೆಗೆ 2,100 ಅಥವಾ 2,600. ಇದಕ್ಕೆ ಪಂಚನಾಮೆ ಆಗಿರಬೇಕು. ಮುರಿದ ದೋಣಿಯನ್ನು ಪಂಚನಾಮೆಗೆ ಮುಂಚೆ ರಿಪೇರಿಗೆ ಎಳೆದರೆ ಮುಗಿಯಿತು, ಫೋಟೋ ಒಂದರಿಂದ ಏನೂ ನಡೆಯುವುದಿಲ್ಲ.

ನೋಂದಣಿ ಮತ್ತು ಪರವಾನಗಿ ಇರುವ ದೋಣಿ ಮಾಲೀಕರು ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. 2018-19ರಿಂದ ಅದು ಮೀನುಗಾರಿಕೆಗೂ ಇದೆ. 2 ಲಕ್ಷದವರೆಗೆ ಶೇ 7 ಬಡ್ಡಿ, ಸಮಯಕ್ಕೆ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. 2021ರ ನಿಯಮದಂತೆ 1.6 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. "ಪಹಣಿ ಎಲ್ಲಿ" ಎಂದು ಕೇಳುವ ಮ್ಯಾನೇಜರ್ ಸಿಕ್ಕರೆ ಮೀನುಗಾರಿಕೆಯ ಕಾರ್ಡಿಗೆ ಪಹಣಿ ಬೇಕಿಲ್ಲ, ದೋಣಿಯ ದಾಖಲೆ ಸಾಕು ಎಂದು ಹೇಳಿ.

ಕುಮಟಾ_ಪೇಟೆ · 10 ಜೂನ್ 2021

ಮೀನು ಮಾರುವವರ ಪ್ರಶ್ನೆ ಯಾರೂ ಮುಟ್ಟಿಲ್ಲ.

ಬೀದಿ ವ್ಯಾಪಾರಿಗಳ 2,000 ರೂ. ಪುರಸಭೆ, ಪಟ್ಟಣ ಪಂಚಾಯತಿ, ನಗರಸಭೆಗಳ ಪಟ್ಟಿಯಲ್ಲಿ ನೋಂದಣಿ ಆದವರಿಗೆ. ಹಳ್ಳಿಯ ರಸ್ತೆ ಬದಿಯಲ್ಲಿ ಕೂತು ಮಾರುವವರಿಗೆ ಇಲ್ಲ. ಆದರೆ ಮನೆ ಗ್ರಾಮ ಪಂಚಾಯತಿಯಲ್ಲಿದ್ದು, ವ್ಯಾಪಾರ ಪೇಟೆಯ ಗಡಿಯೊಳಗೆ ಇದ್ದರೆ ವಿಷಯ ಬೇರೆ. ಪಿಎಂ ಸ್ವನಿಧಿ, ಅಂದರೆ ಬೀದಿ ವ್ಯಾಪಾರಿಗಳಿಗೆ ಕೇಂದ್ರದ ಸಾಲ ಯೋಜನೆಯ ನಿಯಮದಲ್ಲಿ, ಸುತ್ತಲ ಹಳ್ಳಿಗಳಿಂದ ಬಂದು ಪಟ್ಟಣದ ವ್ಯಾಪ್ತಿಯಲ್ಲಿ ಮಾರುವವರೂ ಅರ್ಹರು ಎಂದು ಸ್ಪಷ್ಟವಾಗಿದೆ. 2020ರ ಮಾರ್ಚ್ 24 ಅಥವಾ ಅದಕ್ಕೂ ಮುಂಚಿನಿಂದ ಮಾರುತ್ತಿರಬೇಕು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಪುರಸಭೆಯಿಂದ ಶಿಫಾರಸು ಪತ್ರ ಪಡೆಯಬೇಕು. ಅದಕ್ಕೆ ಸಾಕ್ಷಿಯಾಗಿ ಮಾರುಕಟ್ಟೆಯ ಸುಂಕದ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ. ಹತ್ತೋ ಇಪ್ಪತ್ತೋ ರೂಪಾಯಿಯ ಆ ಸಣ್ಣ ಚೀಟಿಯನ್ನು ಎಲ್ಲರೂ ಮೀನಿನ ನೀರಿಗೆ ಎಸೆದುಬಿಡುತ್ತಾರೆ. ಇನ್ನು ಮುಂದಾದರೂ ನಾಲ್ಕಾರು ಚೀಟಿ ಒಣಗಿಸಿ ಇಟ್ಟುಕೊಳ್ಳಿ.

2021ರ ನಿಯಮದಂತೆ ಸ್ವನಿಧಿ ಸಾಲ ಮೊದಲ ಸಲ 10,000, ಒಂದು ವರ್ಷದ ಕಂತು. ಕಂತು ತಪ್ಪದಿದ್ದರೆ ಶೇ 7ರಷ್ಟು ಬಡ್ಡಿ ಸಹಾಯಧನ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಪೂರ್ತಿ ತೀರಿಸಿದರೆ ಮುಂದೆ 20,000. ಕ್ಯೂಆರ್ ಕೋಡಿನಲ್ಲಿ ತಿಂಗಳಿಗೆ 50 ವ್ಯವಹಾರ ಆದರೆ 50 ರೂ., 100 ಆದರೆ 75, 200 ಆದರೆ 100 ರೂ. ಕ್ಯಾಶ್‌ಬ್ಯಾಕ್. ವ್ಯವಹಾರ ತಲಾ 25 ರೂಪಾಯಿಗೆ ಕಡಿಮೆ ಇರಬಾರದು. ಇದು ಸಾಲ, ದಾನ ಅಲ್ಲ. ಮನೆ ಖರ್ಚಿಗೆ ತೆಗೆಯುವವರು ಯೋಚಿಸಿ ತೆಗೆಯಿರಿ, ಮಳೆಗಾಲದಲ್ಲಿ ವ್ಯಾಪಾರ ಇಲ್ಲದಿದ್ದರೂ ಕಂತು ನಿಲ್ಲುವುದಿಲ್ಲ.

ಟೈಲರ್, ಕ್ಷೌರಿಕ, ಅಗಸ, ಮೆಕ್ಯಾನಿಕ್, ಅಕ್ಕಸಾಲಿಗ, ಕಮ್ಮಾರ, ಕುಂಬಾರ, ಹಮಾಲ, ಚಮ್ಮಾರ, ಚಿಂದಿ ಆಯುವವರು, ಮನೆಗೆಲಸದವರು: ಇವರಿಗೆ ತಲಾ 2,000, ಅರ್ಜಿ ರಾಜ್ಯದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ. ಬಿಪಿಎಲ್ ಕಾರ್ಡ್ ಮತ್ತು ಉದ್ಯೋಗ ದೃಢೀಕರಣ ಪತ್ರ ಬೇಕು. ನಮೂನೆ ಪೋರ್ಟಲ್‌ನಲ್ಲೇ ಇದೆ, ಅದನ್ನೇ ತುಂಬಿಸಿ ಅಧಿಕಾರಿಯ ಸಹಿ, ಸೀಲು ಹಾಕಿಸಿ. ಬಿಳಿ ಹಾಳೆಯಲ್ಲಿ ಬರೆಸಿ ತಂದದ್ದು ಪರಿಶೀಲನೆಯಲ್ಲಿ ಬೀಳುತ್ತದೆ. ಆಟೋ, ಟ್ಯಾಕ್ಸಿಯವರಿಗೆ 3,000, ಅದೂ ಸೇವಾ ಸಿಂಧುವಿನಲ್ಲೇ, ಡಿಎಲ್ ಮತ್ತು ವಾಹನ ಸಂಖ್ಯೆ ಹಾಕಬೇಕು. ಕಟ್ಟಡ ಕಾರ್ಮಿಕರ 3,000ಕ್ಕೆ ಅರ್ಜಿಯೇ ಇಲ್ಲ, ಕಲ್ಯಾಣ ಮಂಡಳಿಯ ನೋಂದಣಿ ಇದ್ದರೆ ತಾನಾಗಿ ಬರುತ್ತದೆ. ಗಾರೆಯವರು ಕಾರ್ಡಿನ ಅವಧಿ ಮುಗಿದಿದೆಯೇ ನೋಡಿಕೊಳ್ಳಲಿ.

ಹೆಸರಿನ ತೊಂದರೆ ನಮ್ಮ ಕಡೆ ವಿಪರೀತ. ಆಧಾರ್‌ನಲ್ಲಿ ಹರಿಕಂತ್ರ, ರೇಷನ್ ಕಾರ್ಡಿನಲ್ಲಿ ಹರಿಕಾಂತ, ಡಿಎಲ್‌ನಲ್ಲಿ ಬರೀ ಅಪ್ಪನ ಹೆಸರು. ನಾಯ್ಕ, ನಾಯಕ ಕೇಳುವುದೇ ಬೇಡ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಅರ್ಜಿಯಲ್ಲಿ ಆಧಾರ್‌ನಲ್ಲಿ ಇರುವಂತೆಯೇ ಅಕ್ಷರಕ್ಕಕ್ಷರ ಹಾಕಿ. ಸರಿ ಮಾಡಿಸುವುದಿದ್ದರೆ ಉಳಿದ ಕಾಗದಗಳನ್ನು ಆಧಾರ್‌ಗೆ ಹೊಂದಿಸಿ. ಆಧಾರ್ ತಿದ್ದಲು ಹೊರಟರೆ ಬ್ಯಾಂಕು, ರೇಷನ್, ಜಾಬ್ ಕಾರ್ಡು ಎಲ್ಲದರಲ್ಲೂ ಹೊಸ ತಕರಾರು.

ಬಲೆ ಹೆಣೆಯುವವರಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. "ಟೈಲರ್ ಎಂದು ಹಾಕೋಣ" ಎನ್ನುವ ಏಜೆಂಟರ ಮಾತು ಕೇಳಬೇಡಿ. ಸಹಿ ಹಾಕಿದ ಅಧಿಕಾರಿಗೂ ಕುತ್ತು, ನಿಮಗೂ ಕುತ್ತು.

ಬನವಾಸಿ_ರಸ್ತೆ · 10 ಜೂನ್ 2021

ಘಟ್ಟದ ಮೇಲಿನಿಂದ ಎರಡು ಮಾತು: ಉದ್ಯೋಗ ಖಾತ್ರಿ ಮತ್ತು ತೋಟಗಾರಿಕೆ.

ಖಾತ್ರಿ ಕೆಲಸಕ್ಕೆ ಜಾತಿ, ಕಸುಬು, ಬಿಪಿಎಲ್ ಯಾವುದೂ ಅಡ್ಡಿಲ್ಲ. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ವಾಸ, 18 ವರ್ಷ ತುಂಬಿರಬೇಕು, ಮನೆಗೆ ಜಾಬ್ ಕಾರ್ಡ್ ಇರಬೇಕು. ಕಲಾಸಿಯೂ ಕೇಳಬಹುದು, ಅವನ ಹೆಂಡತಿಯೂ ಕೇಳಬಹುದು. ಈ ವರ್ಷ (2021-22) ಕೂಲಿ 289 ರೂ., ಹೆಣ್ಣಿಗೂ ಗಂಡಿಗೂ ಒಂದೇ. ಮನೆಗೆ ವರ್ಷಕ್ಕೆ 100 ದಿನ, ಪೂರ್ತಿ ಮಾಡಿದರೆ 28,900 ರೂ. ಇಲ್ಲಿ ಹೇಳಿದ ಯಾವ ಪರಿಹಾರವೂ ಇದರ ಹತ್ತಿರ ಸುಳಿಯುವುದಿಲ್ಲ. ಆದರೂ ಎಲ್ಲರೂ 2,000ದ ಸಾಲಿನಲ್ಲೇ ನಿಂತಿರುತ್ತಾರೆ.

ಕೇಳುವುದನ್ನು ಬಾಯಲ್ಲಿ ಕೇಳಬಾರದು. ನಮೂನೆ 6ರಲ್ಲಿ ಬರೆದು, ಯಾವ ದಿನದಿಂದ ಎಷ್ಟು ದಿನ ಎಂದು ತುಂಬಿ, ದಿನಾಂಕ ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಸ್ವೀಕೃತಿ ಇಲ್ಲದವನ ಬೇಡಿಕೆ ಕಡತದಲ್ಲಿ ಹುಟ್ಟಿಯೇ ಇರುವುದಿಲ್ಲ. ಭತ್ಯೆ ಪಡೆದವರು ಬೆರಳೆಣಿಕೆಯಷ್ಟು, ಒಪ್ಪೋಣ. ಆದರೆ ಆ ಕಾಗದ ಮೇಜಿನ ಮೇಲೆ ಬಂದ ಕೂಡಲೇ ಕೆಲಸ ಹುಟ್ಟುವುದಂತೂ ಹೌದು.

289 ಖಾಯಂ ದಿನಗೂಲಿ ಅಲ್ಲ ಎಂಬುದನ್ನೂ ತಿಳಿದಿರಿ. ಅಗೆದ ಮಣ್ಣನ್ನು ಅಳತೆ ಮಾಡಿ ಹಾಕುತ್ತಾರೆ. ಹತ್ತು ಜನ ಸೇರಿ ಆರು ಜನರ ಕೆಲಸ ಮಾಡಿದರೆ ಎಲ್ಲರಿಗೂ ಕಡಿಮೆ. ಮಳೆಯಲ್ಲಿ ಗುಂಡಿ ತುಂಬಿ ಅಂಚು ಕುಸಿದರೆ ಅಳತೆಯೇ ಸಿಗದು, ಅದಕ್ಕೇ ಎಂಜಿನಿಯರ್ ಬೇಗ ಬಂದು ಅಳೆಯುವಂತೆ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು) ಅವರ ಬೆನ್ನು ಹತ್ತಬೇಕು. ಜೂನ್, ಜುಲೈನಲ್ಲಿ ಗಿಡ ನೆಡುವುದು, ದನದ ಕೊಟ್ಟಿಗೆ, ತೋಟದ ಬಸಿಗಾಲುವೆಯಂಥ ಕೆಲಸ ಕೇಳುವುದು ಲೇಸು. ಕರಾವಳಿಯ ಪಂಚಾಯತಿಗಳು ಕೇಳದೆ ಬಿಟ್ಟಿರುವ ಒಂದು ಕೆಲಸ ಇದೆ: ಮೀನು ಒಣಗಿಸುವ ಕಟ್ಟೆ. ಅದು ಖಾತ್ರಿಯ ಅನುಮತಿ ಇರುವ ಕಾಮಗಾರಿಗಳಲ್ಲೇ ಇದೆ. ಕ್ರಿಯಾ ಯೋಜನೆಯಲ್ಲಿ ಇಲ್ಲದಿದ್ದರೆ ಮುಂದಿನ ಗ್ರಾಮ ಸಭೆಯಲ್ಲಿ ಸೇರಿಸಿ ಠರಾವು ಮಾಡಿಸಿ.

ಪಟ್ಟಣ ಪಂಚಾಯತಿ ಆದ ಊರಿಗೆ ಖಾತ್ರಿ ಇಲ್ಲ. ಭಟ್ಕಳದ ಜಾಲಿಯಂಥ ಕಡೆ ಗದ್ದೆ, ದೋಣಿ ಎಲ್ಲ ಹಳ್ಳಿಯದೇ, ಬೋರ್ಡು ಮಾತ್ರ ಪಟ್ಟಣದ್ದು. ಅಲ್ಲಿಯವರಿಗೆ ಮೇಲೆ ಹೇಳಿದ ಸ್ವನಿಧಿಯೇ ಗತಿ.

ತೋಟಗಾರಿಕೆ: ಹೂವು, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000, ಗರಿಷ್ಠ ಒಂದು ಹೆಕ್ಟೇರ್. ಅಡಿಕೆ, ತೆಂಗು ಇದರಲ್ಲಿಲ್ಲ. ನಮ್ಮ ಕಡೆ ಬನವಾಸಿಯ ಅನಾನಸ್‌ನವರಿಗೆ, ನಿಮ್ಮಲ್ಲಿ ಭಟ್ಕಳ ಮಲ್ಲಿಗೆಯವರಿಗೆ ಕೇಳಲು ದಾರಿ ಇದೆ. ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಹೆಕ್ಟೇರ್ ಎಂದರೆ ಸುಮಾರು 99 ಗುಂಟೆ, ಗುಂಟೆಗೆ ನೂರು ರೂಪಾಯಿ ಚಿಲ್ಲರೆ. ಹತ್ತು ಗುಂಟೆಗೆ ಸಿಗುವುದು ಸಾವಿರ. ಅದಕ್ಕಾಗಿ ಮೂರು ಸಲ ಬಾಡಿಗೆ ಗಾಡಿ ಮಾಡಿಕೊಂಡು ತಾಲೂಕಿಗೆ ಓಡಿದರೆ ಲಾಭ ಗಾಡಿಯವನಿಗೆ. ಬೆಳೆ ಸಮೀಕ್ಷೆಯಲ್ಲಿ ಆ ಬೆಳೆ ದಾಖಲಾಗಿರಬೇಕು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇರಬೇಕು. ಜಂಟಿ ಪಹಣಿಯಾದರೆ ಯಾರ ಖಾತೆಗೆ ಎಂಬ ಜಗಳ ಮೊದಲೇ ಬಗೆಹರಿಸಿ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಬೆಳೆದವರಿಗೆ ಪಹಣಿಯೇ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಈ ಜಿಲ್ಲೆಯಲ್ಲಿ ಅಂಥವರು ಎಷ್ಟು ಸಾವಿರ ಎಂದು ಬೆಂಗಳೂರಿನಲ್ಲಿ ಪ್ಯಾಕೇಜ್ ಬರೆಯುವವರಿಗೆ ಹೊಳೆದಂತೆ ಕಾಣುವುದಿಲ್ಲ.

ಕೇಣಿ_ಕೇರಿ · 11 ಜೂನ್ 2021

ಎಲ್ಲರಿಗೂ ಧನ್ಯವಾದ. ಸಂಘದ ಸಾಲದ ಬಗ್ಗೆ? ಕಳೆದ ವರ್ಷದಂತೆ ಆರು ತಿಂಗಳ ವಿನಾಯಿತಿ ಈ ವರ್ಷವೂ ಇದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ.

ಪಾಸ್‌ಬುಕ್_ಕಾರವಾರ · 11 ಜೂನ್ 2021

ಅದು ಸುಳ್ಳು. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಇದ್ದ ಮುಂದೂಡಿಕೆ ಅಲ್ಲಿಗೇ ಮುಗಿಯಿತು. ಆಗಲೂ ಬಡ್ಡಿ ನಿಂತಿರಲಿಲ್ಲ. ಈ ವರ್ಷ ಮೇ 5ರಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಬೇರೆ: ಸಾಲದ ಮರುಹೊಂದಾಣಿಕೆ. 2021ರ ಮಾರ್ಚ್ 31ಕ್ಕೆ ಸಾಲ ಸುಸ್ತಿಯಾಗಿರಬಾರದು, ಹಿಂದೆ ಒಮ್ಮೆ ಹೊಂದಾಣಿಕೆ ಮಾಡಿಸಿರಬಾರದು. ಸೆಪ್ಟೆಂಬರ್ 30ರೊಳಗೆ ಕೇಳಬೇಕು. ಬ್ಯಾಂಕು, ಸಹಕಾರಿ ಬ್ಯಾಂಕು, ಮೈಕ್ರೋಫೈನಾನ್ಸ್ ಕಂಪನಿ ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ತಾನಾಗಿ ಆಗುವುದಿಲ್ಲ, ಅರ್ಜಿ ಕೊಡಬೇಕು, ಒಪ್ಪುವುದು ಬಿಡುವುದು ಸಾಲ ಕೊಟ್ಟವರ ಕೈಯಲ್ಲಿದೆ.

ಕೇಳುವ ಮುಂಚೆ ಬಡ್ಡಿ ಗುಣಿಸಿ ನೋಡಿ. ವರ್ಷಕ್ಕೆ ಶೇ 24ರ ಸಾಲದಲ್ಲಿ 30,000 ಬಾಕಿ ಇದ್ದರೆ ತಿಂಗಳಿಗೆ 600 ರೂ. ಬಡ್ಡಿ. ಆರು ತಿಂಗಳು ಮುಂದೂಡಿದರೆ 3,600 ಮೇಲೆ ಬೀಳುತ್ತದೆ, ಅಂದರೆ ಸರ್ಕಾರ ಕೊಟ್ಟ 3,000 ಅಲ್ಲೇ ಹೋಯಿತು. ನಿಷೇಧ ಮುಗಿಯುವವರೆಗೆ ಎರಡು ತಿಂಗಳು ಮಾತ್ರ ಕೇಳಿ, ಆಗಸ್ಟಿನಿಂದ ಕಂತು ಶುರು ಮಾಡಿ. ಸಹಕಾರಿ ಸಂಘದ ಕೃಷಿ ಸಾಲ ಇದ್ದವರಿಗೆ ಮಾತ್ರ ಕಂತಿನ ಗಡುವು ಜುಲೈ 31ರವರೆಗೆ ಹೋಗಿದೆ, ಆ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ.

ಅಕ್ಕಿಯ ಬಗ್ಗೆ ಯಾರೂ ಕೇಳಿಲ್ಲ, ಆದರೂ: ಕೇಂದ್ರದ ಉಚಿತ ಪಡಿತರ ಯೋಜನೆ ಗರೀಬ್ ಕಲ್ಯಾಣ್‌ನ ತಲಾ 5 ಕೆಜಿ ದೀಪಾವಳಿಯವರೆಗೆ ಮುಂದುವರಿಯುತ್ತದೆ ಎಂದು ಜೂನ್ 7ಕ್ಕೆ ಘೋಷಣೆ ಆಗಿದೆ. ಅದು ತಿಂಗಳ ಮಾಮೂಲಿ ಪಡಿತರದ ಮೇಲೆ ಹೆಚ್ಚುವರಿ. ಎರಡನ್ನೂ ಸೇರಿಸಿ ತೂಕ ನೋಡಿಕೊಳ್ಳಿ.

ಕುಮಟಾ_ಪೇಟೆ · 14 ಡಿಸೆಂಬರ್ 2021

ಹಳೆಯ ಚರ್ಚೆ, ಆದರೂ ಸೇರಿಸುತ್ತಿದ್ದೇನೆ. ಕೋವಿಡ್‌ನಿಂದ ಮೃತಪಟ್ಟವರ ಕುಟುಂಬಕ್ಕೆ ಕೇಂದ್ರದ ಮಾರ್ಗಸೂಚಿಯಂತೆ 50,000 ರೂ. ಇದೆ. ಬಿಪಿಎಲ್ ಕುಟುಂಬವಾದರೆ ರಾಜ್ಯದ 1 ಲಕ್ಷ ಬೇರೆ. ಅರ್ಜಿ ತಹಶೀಲ್ದಾರ್ ಕಚೇರಿ ಅಥವಾ ನಾಡಕಚೇರಿಯಲ್ಲಿ. ಪಾಸಿಟಿವ್ ವರದಿ, ಮರಣ ಪ್ರಮಾಣ ಪತ್ರ, ಮೃತರ ಮತ್ತು ಅರ್ಜಿದಾರರ ಆಧಾರ್, ರೇಷನ್ ಕಾರ್ಡ್, ವಾರಸುದಾರರ ಒಪ್ಪಿಗೆ, ಬ್ಯಾಂಕ್ ಪಾಸ್‌ಬುಕ್ ಬೇಕು.

"ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ" ಎಂದು ಅರ್ಜಿ ವಾಪಸ್ ಮಾಡುವಂತಿಲ್ಲ, ಸುಪ್ರೀಂ ಕೋರ್ಟಿನ ಅಕ್ಟೋಬರ್ ಆದೇಶದಲ್ಲೇ ಅದಿದೆ. ಪಾಸಿಟಿವ್ ಆದ 30 ದಿನದೊಳಗೆ ಸಾವಾಗಿದ್ದರೆ, ಮನೆಯಲ್ಲೇ ಆಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಗೋವಾದಲ್ಲೋ ಮಣಿಪಾಲದಲ್ಲೋ ಆಸ್ಪತ್ರೆಗೆ ಸೇರಿಸಿದ್ದವರು ಆ ಆಸ್ಪತ್ರೆಯಿಂದ ಸಾವಿನ ಕಾರಣದ ನಮೂನೆ 4ರ ಪ್ರತಿ ಕೇಳಿ ತನ್ನಿ, ಮನೆಯಲ್ಲಿ ತೀರಿಕೊಂಡಿದ್ದರೆ ಅದು ನಮೂನೆ 4ಎ. ವರದಿ ಕಳೆದುಹೋಗಿದ್ದರೆ ಪರೀಕ್ಷೆಯ ಎಸ್‌ಆರ್‌ಎಫ್ ಸಂಖ್ಯೆ (ಮಾದರಿ ಕೊಟ್ಟಾಗ ಕೊಟ್ಟ ಗುರುತಿನ ಸಂಖ್ಯೆ) ಹಳೆಯ ಎಸ್‌ಎಂಎಸ್‌ನಲ್ಲಿ ಇರುತ್ತದೆ, ಮೃತರ ಮೊಬೈಲ್ ಸಿಮ್ ರದ್ದು ಮಾಡುವ ಮೊದಲು ಹುಡುಕಿ. ಅಷ್ಟಾಗಿಯೂ ತಿರಸ್ಕರಿಸಿದರೆ ಜಿಲ್ಲಾ ಮಟ್ಟದ ಸಮಿತಿಗೆ ಲಿಖಿತ ದೂರು ಕೊಡಬಹುದು, ತಿರಸ್ಕರಿಸಿದ ಕಾರಣವನ್ನು ಮೊದಲು ಬರವಣಿಗೆಯಲ್ಲಿ ಪಡೆದುಕೊಳ್ಳಿ.